‘ದಶಾವತಾರ್’ ಧ್ವನಿಮುದ್ರಿಕೆಯ ಗುಣದೋಷಗಳು

ಮುಂಬಯಿಯ ‘ಡೆಮಾನಿಕ್ ರೆಸರೆಕ್ಷನ್’ ಮೇಳವು 2017ರಲ್ಲಿ ‘ದಶಾವತಾರ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಮತ್ಸ್ಯದಿಂದ ಕಲ್ಕಿಯವರೆಗೆ ಅವತಾರಕ್ಕೊಂದರಂತೆ ಹತ್ತು ಹಾಡುಗಳು, ಭಾಷೆ ಇಂಗ್ಲಿಷು. 1990ರ ದಶಕದಲ್ಲಿ ಸ್ವೀಡನ್ ದೇಶದ ಗೋಥೆನ್‌ಬರ್ಗಿನಲ್ಲಿ ಬೆಳೆದ ಮೆಲೋಡಿಕ್ ಡೆತ್ ಮೆಟಲ್ ಪದ್ಧತಿಗೆ ಇದು ನೆಂಟು: ಕಂಠದಲ್ಲಿ ಗರ್ಜನೆ, ಗಿಟಾರಿನಲ್ಲಿ ಇಂಪು. ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ವಿದ್ಯಾರ್ಥಿಗಳಿಗೂ ಇಂಥ ಸಂಗೀತ ಇಂದು ಫೋನಿನಲ್ಲಿಯೇ ಸಿಕ್ಕುವುದು. ಕೇಳದೆ ತೀರ್ಪು ಕೊಡುವುದು ಉಪಾಧ್ಯಾಯರಿಗೆ ತರವಲ್ಲವೆಂದು ನಾವು ಅದನ್ನು ಆದ್ಯಂತವಾಗಿ ಕೇಳಿದೆವು.

ಗುಣವನ್ನು ಮೊದಲು ಹೇಳುವುದು ನ್ಯಾಯ. ನರಸಿಂಹನಿಗೆ ಈ ಗರ್ಜನೆ ಚೆನ್ನಾಗಿ ಒಪ್ಪಿದೆ. ಇಲ್ಲಿ ರೌದ್ರವು ಮೇಲೆ ಹೇರಿದ್ದಲ್ಲ, ವಸ್ತುವಿನಿಂದಲೇ ಹುಟ್ಟಿದ್ದು. ನಡುನಡುವೆ ಬರುವ ಸಹಜಕಂಠದ ಗಾಯನವೂ ಭಾರತೀಯ ವಾದ್ಯಗಳ ನಾದವೂ ಕಿವಿಗೆ ವಿಶ್ರಾಂತಿ ಕೊಡುತ್ತವೆ.

ಆದರೆ ರಸೌಚಿತ್ಯ ಎಲ್ಲೆಡೆಯೂ ನಿಂತಿಲ್ಲ. ನರಸಿಂಹನಿಗೆ ಸಂದ ದನಿ ಗೋಪಾಲಕೃಷ್ಣನಿಗೆ ಭಾರವಾಗುತ್ತದೆ. ಬುದ್ಧನ ಶಾಂತಕ್ಕಂತೂ ಅದು ಪರಕೀಯ. ಪದಗಳೋ, ಅಚ್ಚಾದ ಸಾಹಿತ್ಯವನ್ನು ಎದುರಿಗಿಟ್ಟುಕೊಳ್ಳದೆ ನಮಗೆ ತಿಳಿಯಲಿಲ್ಲ. ಇನ್ನೊಂದು ಕೊರತೆ ನಮಗೆ ದೊಡ್ಡದಾಗಿ ಕಂಡಿತು: ನರಸಿಂಹನ ಆರ್ಭಟ ಕೇಳಿಸಿತು, ಅದರ ಮುಂದೆ ಅಂಜದೆ ನಿಂತ ಬಾಲಕನ ಮೆಲುದನಿ ಕೇಳಿಸಲಿಲ್ಲ. ಪ್ರಹ್ಲಾದನಿಲ್ಲದೆ ಆ ಕಥೆಗೆ ಜೀವವೆಲ್ಲಿ?

ಹಾಗೆಂದು ಇದನ್ನು ನಿಷೇಧಿಸುವುದು ವಿವೇಕವಲ್ಲ. ತರಗತಿಯಲ್ಲಿ ಈ ಹಾಡನ್ನು ಒಮ್ಮೆ ಕೇಳಿಸಿ, ಬಳಿಕ ಚಾಟು ವಿಠಲನಾಥನ ಕನ್ನಡ ಭಾಗವತದಿಂದ ಪ್ರಹ್ಲಾದನ ಪ್ರಸಂಗವನ್ನು ಓದಿಸೋಣ. ಯಾವುದರಲ್ಲಿ ಏನು ದೊರೆಯಿತೆಂಬುದನ್ನು ಮಕ್ಕಳೇ ಹೇಳಲಿ. ಗಡಿನಾಡಿನಲ್ಲಿ ಕನ್ನಡ ಉಳಿಯುವುದು ಹೊರಗಿನ ದನಿಗೆ ಕಿವಿ ಮುಚ್ಚುವುದರಿಂದಲ್ಲ. ನಮ್ಮ ದನಿಯನ್ನೂ ಅದರ ಪಕ್ಕದಲ್ಲಿಯೇ ಕೇಳಿಸುವುದರಿಂದ.