ಸೂತ್ರದ ಚೀಟಿಗೆ ಮೂಗು ಮುರಿಯುವುದೇಕೆ?

ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಕಲಿಸುವವರಲ್ಲಿ ಒಂದು ನಂಬಿಕೆ ಬೇರೂರಿದೆ. ಗಣಿತ ಗಟ್ಟಿಯಿದ್ದು, ಆಪನ್‌ಹೈಮ್–ಶಾಫರ್ ಪುಸ್ತಕ ಅರೆದು ಕುಡಿದವನಿಗೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದಂತೆ. ಕೆಲಸಗಾರರು ಬರೆದಿಟ್ಟ ಸೂತ್ರಗಳ ಕೈಪಿಡಿ, ಪುಕ್ಕಟೆ ಸಿಗುವ ಪುಸ್ತಕ, ಇವೆಲ್ಲ ಸೋಮಾರಿಗಳ ಊರುಗೋಲಂತೆ. ಪರೀಕ್ಷೆ ಮುಗಿಯುವವರೆಗೆ ಈ ನಂಬಿಕೆಗೆ ಧಕ್ಕೆಯಿಲ್ಲ.

ಆಮೇಲೆ ಏನಾಗುತ್ತದೆ ನೋಡಿ. 48 ಕಿಲೋಹರ್ಟ್ಸ್ ಆಡಿಯೋದಲ್ಲಿ 20 ಹರ್ಟ್ಸ್‌ಗಿಂತ ಕೆಳಗಿನ ಗೊರಗೊರ ತೆಗೆಯಬೇಕು. ಎರಡನೇ ದರ್ಜೆಯ ಬಟರ್‌ವರ್ತ್ ಹೈಪಾಸ್ ಫಿಲ್ಟರ್ ಸಾಕು. ಕಾಗದದ ಮೇಲೆ ಎಲ್ಲ ಸರಿ. ಛೇದದ ಗುಣಾಂಕಗಳು 1, −1.996298, 0.996304. ಅಗ್ಗದ 16 ಬಿಟ್ ಚಿಪ್ಪಿಗೆ ಇಳಿಸಲು 16384ರಿಂದ ಗುಣಿಸಿ ಹತ್ತಿರದ ಪೂರ್ಣಾಂಕ ಹಿಡಿದರೆ 16384, −32707, 16323. ಕೂಡಿ ನೋಡಿ: ಸೊನ್ನೆ! ಅಂದರೆ ಒಂದು ಪೋಲ್ ಸರಿದು ಯೂನಿಟ್ ಸರ್ಕಲ್ಲಿನ ಮೇಲೆಯೇ ಕೂತಿದೆ. ಅಂಶದ ಕಡೆ 16354, −32707, 16354. ಮೊತ್ತ ಸೊನ್ನೆಯಾಗಬೇಕಿತ್ತು, 1 ಉಳಿದಿದೆ. ಡಿಸಿಯನ್ನು ತಡೆಯಬೇಕಾದ ಫಿಲ್ಟರ್ ಈಗ ಅದನ್ನೇ ಗುಡ್ಡೆ ಹಾಕುತ್ತದೆ. ಒಳಬರುವ ಸಿಗ್ನಲ್ಲಿನಲ್ಲಿ ಪೂರ್ಣ ಮಟ್ಟದ ನೂರನೇ ಒಂದು ಪಾಲು ಡಿಸಿ ಇದ್ದರೂ ಸಾಕು, ಸುಮಾರು 0.13 ಸೆಕೆಂಡಿನಲ್ಲಿ ಔಟ್‌ಪುಟ್ ಗೋಡೆಗೆ ಬಡಿಯುತ್ತದೆ.

ಗುಣಾಂಕಗಳ ಪೂರ್ಣಾಂಕೀಕರಣದ ಬಗ್ಗೆ ಆಪನ್‌ಹೈಮ್–ಶಾಫರ್ ಬರೆದಿಲ್ಲವೇ? ಬರೆದಿದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ. ತಕರಾರು ಆ ಪುಸ್ತಕದ ಮೇಲಲ್ಲ, ಅದೊಂದೇ ಸಾಕೆನ್ನುವವರ ಮೇಲೆ.

ಚಿಹ್ನೆಯ ಗೊಂದಲವೂ ಇದೆ. ಹಿಮ್ಮಾಹಿತಿಯ ಗುಣಾಂಕಗಳನ್ನು ಛೇದದಲ್ಲಿ ಆಪನ್‌ಹೈಮ್–ಶಾಫರ್ ಕಳೆಯುತ್ತಾರೆ, ಪ್ರೊಆಕಿಸ್–ಮನೋಲಾಕಿಸ್ ಕೂಡುತ್ತಾರೆ. ಮ್ಯಾಟ್‌ಲ್ಯಾಬ್ ಕೂಡುವವರ ಕಡೆ. ಅದು ಕೊಟ್ಟ ಸಂಖ್ಯೆಗಳನ್ನು ಆರ್ಮ್ ಚಿಪ್ಪುಗಳ ಸಿಎಮ್‌ಸಿಸ್-ಡಿಎಸ್‌ಪಿಗೆ ಹಾಗೇ ತುಂಬಿದರೆ ಫಿಲ್ಟರ್ ಕೆಡುತ್ತದೆ. ಚಿಹ್ನೆ ತಿರುಗಿಸಿ ಹಾಕಬೇಕು. ಯಾವ ಪ್ರಮೇಯವೂ ಇದನ್ನು ಹೇಳಿಕೊಡದು. ಹೇಳುವುದು ದಸ್ತಾವೇಜಿನ ಮೂಲೆಯ ಒಂದು ಸಾಲು, ಇಲ್ಲವೇ ಪೆಟ್ಟು ತಿಂದ ಇನ್ನೊಬ್ಬ ಇಂಜಿನಿಯರ್.

ಅದಕ್ಕೇ ರಾಬರ್ಟ್ ಬ್ರಿಸ್ಟೋ-ಜಾನ್ಸನ್ ಅವರ 'ಆಡಿಯೋ ಇಕ್ಯೂ ಕುಕ್‌ಬುಕ್' ನನ್ನ ಕಣ್ಣಿಗೆ ದೊಡ್ಡ ಕೃತಿ. ಕೆಲವೇ ಪುಟ. ಆದರೆ ಯಾವ ಸಮೀಕರಣಕ್ಕೆ ಯಾವ ಚಿಹ್ನೆ ಎಂಬುದು ಮೊದಲಲ್ಲೇ ಸ್ಪಷ್ಟ. ಇಂದು ಬ್ರೌಸರುಗಳ ವೆಬ್ ಆಡಿಯೋ ಮಾನದಂಡದಲ್ಲಿರುವ ಬೈಕ್ವಾಡ್ ಫಿಲ್ಟರಿನ ಸೂತ್ರಗಳಿಗೆ ಮೂಲ ಅದೇ. 1997ರ ಸ್ಟೀವನ್ ಸ್ಮಿತ್ ಪುಸ್ತಕವಂತೂ ಇಡಿಯಾಗಿ ಉಚಿತ. ಬೇಸಿಕ್ ಭಾಷೆಯ ಪ್ರೋಗ್ರಾಮುಗಳೆಂದು ನಗುವವರಿದ್ದಾರೆ, ನಗಲಿ.

ಹಾಗೆಂದು ಚೀಟಿ ನೋಡಿ ಅಂಟಿಸುವವರನ್ನು ನಾನು ವಹಿಸಿಕೊಳ್ಳುವುದಿಲ್ಲ. ಮೇಲಿನ ಫಿಲ್ಟರ್ ಕೆಟ್ಟದ್ದೂ ಕುಕ್‌ಬುಕ್ಕಿನ ಸೂತ್ರದಿಂದ ಬಂದ ಸಂಖ್ಯೆಗಳಲ್ಲೇ. ಸೂತ್ರ ತಪ್ಪಿರಲಿಲ್ಲ, ಸಂಖ್ಯೆಯ ಅಗಲ ಸಾಲಲಿಲ್ಲ. 32 ಬಿಟ್ ಗುಣಾಂಕ ಇದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಇದನ್ನು ಗುರುತಿಸಲು ಪೋಲ್ ಎಂದರೇನೆಂದು ಗೊತ್ತಿರಬೇಕು, ಆ ಮೂರು ಸಂಖ್ಯೆ ಕೂಡಿ ನೋಡುವ ಅಭ್ಯಾಸವೂ ಇರಬೇಕು. ಮೊದಲನೆಯದಕ್ಕೆ ನಮ್ಮಲ್ಲಿ ಅಂಕ ಸಿಗುತ್ತದೆ. ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರುಗಳೇ, ಮುಂದಿನ ಸಲ ಎರಡನೆಯದಕ್ಕೂ ಐದು ಅಂಕ ಇಡಿ.