ಅಕ್ಷರ ನುಂಗದ ಗಾಯನ

ಬೇಸಿಗೆಯ ಚಪ್ಪರದ ಕಛೇರಿಯಲ್ಲಿ ಬೀದಿಯ ಬಸ್ಸೂ ಒಂದು ಪಕ್ಕವಾದ್ಯವೇ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನಕ್ಕೆ, 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ ಕೇಳಲು, 1995ರಲ್ಲಿ ಕಡೂರಿನಿಂದ ರೈಲು ಹತ್ತಿ ಹೋಗಿದ್ದೆವು. ಆಗಿನ್ನೂ ನಾವು ಗಂಡ ಹೆಂಡತಿ. ಹಾಡಿದವರು ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್. ಎಪ್ಪತ್ತೈದರ ವಯಸ್ಸಿನಲ್ಲೂ ಘನವಾದ ಶಾರೀರ. ಎಷ್ಟೇ ವೇಗವಿರಲಿ, ಸಾಹಿತ್ಯದ ಒಂದಕ್ಷರವನ್ನೂ ನುಂಗಲಿಲ್ಲ.

"ಮೇಷ್ಟರ ಪಾಠದ ಹಾಗಿದೆ, ಭಾವವೇ ಇಲ್ಲ" ಎಂದರು ಇವರು. ನನಗೆ ಹಾಗನ್ನಿಸಲಿಲ್ಲ. ಕೃತಿಕಾರನ ಮಾತನ್ನು ಕೆಡಿಸದೆ ಕೇಳುವವರಿಗೆ ಒಪ್ಪಿಸುವ ಶ್ರದ್ಧೆಯೂ ಭಾವವೇ ಅಲ್ಲವೇ? ಕಣ್ಣೀರು ತರಿಸುವುದಕ್ಕಿಂತ ಅದು ಕಷ್ಟ.

ಶ್ರೀಕಂಠನ್ 2014ರಲ್ಲಿ ತೀರಿಕೊಂಡರು. ನಮ್ಮ ದಾಂಪತ್ಯ ಅದಕ್ಕೂ ಮೊದಲೇ ಮುಗಿದಿತ್ತು. ತರೀಕೆರೆಯಲ್ಲಿ ಮಕ್ಕಳಿಂದ ಪದ್ಯ ಓದಿಸುವಾಗ ಇಂದಿಗೂ ನನಗೆ ಆ ಉಚ್ಚಾರಣೆಯೇ ಅಳತೆಗೋಲು.