ಎಡ್ವರ್ಡ್ ಹರ್ಮನ್ನರ ಪತ್ರಿಕಾವಿಮರ್ಶೆ: ಒಂದು ಪರಿಶೀಲನೆ

ಎಡ್ವರ್ಡ್ ಎಸ್. ಹರ್ಮನ್ (1925–2017) ಅವರ ಹೆಸರು ನೋಮ್ ಚಾಮ್ಸ್ಕಿಯವರ ಕೀರ್ತಿಯ ಮರೆಯಲ್ಲಿಯೇ ಉಳಿದಿದೆ. ‘ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್’ (1988) ಎಂಬ ಗ್ರಂಥವನ್ನು ಚಾಮ್ಸ್ಕಿಯವರ ಕೃತಿಯೆಂದೇ ಉಲ್ಲೇಖಿಸುವವರು ಅನೇಕರು. ಆದರೆ ಮುಖಪತ್ರದಲ್ಲಿ ಮೊದಲು ಅಚ್ಚಾಗಿರುವುದು ಹರ್ಮನ್ನರ ಹೆಸರು. ಅದರ ಸಿದ್ಧಾಂತಭಾಗ ಪ್ರಧಾನವಾಗಿ ಹರ್ಮನ್ನರದೆಂಬುದನ್ನು ಚಾಮ್ಸ್ಕಿಯವರೇ ಒಪ್ಪಿದ್ದಾರೆ. ಆದುದರಿಂದ ಈ ವಿಮರ್ಶೆಯ ಮೂಲವನ್ನು ನಾವು ಅರ್ಥಶಾಸ್ತ್ರದಲ್ಲಿ ಹುಡುಕಬೇಕಾಗುತ್ತದೆ.

ಹರ್ಮನ್ನರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವಾರ್ಟನ್ ಶಾಲೆಯಲ್ಲಿ ಹಣಕಾಸು ವಿಷಯದ ಪ್ರಾಧ್ಯಾಪಕರಾಗಿದ್ದರು. 1981ರಲ್ಲಿ ಪ್ರಕಟವಾದ ಅವರ ‘ಕಾರ್ಪೊರೇಟ್ ಕಂಟ್ರೋಲ್, ಕಾರ್ಪೊರೇಟ್ ಪವರ್’ ಅಮೆರಿಕದ ಬೃಹತ್ ಕಂಪನಿಗಳನ್ನು ಕುರಿತದ್ದು. ಕಂಪನಿಗಳ ಆಡಳಿತವು ಷೇರುದಾರರಿಂದ ವ್ಯವಸ್ಥಾಪಕರ ಕೈಗೆ ಬಂದಿದ್ದರೂ ಲಾಭದೃಷ್ಟಿ ಸಡಿಲಗೊಂಡಿಲ್ಲವೆಂಬುದು ಅದರ ಮುಖ್ಯ ವಾದ. ಏಳು ವರ್ಷಗಳ ತರುವಾಯ ಇದೇ ದೃಷ್ಟಿಯನ್ನು ಪತ್ರಿಕೋದ್ಯಮಕ್ಕೆ ಅನ್ವಯಿಸಿದಾಗ ಐದು ಜರಡಿಗಳು ಕಾಣಿಸಿಕೊಂಡವು: ಒಡೆತನ ಮತ್ತು ಲಾಭ, ಜಾಹೀರಾತಿನ ವರಮಾನ, ಅಧಿಕಾರಸ್ಥರನ್ನೇ ನೆಚ್ಚಿದ ಸುದ್ದಿಮೂಲ, ಪ್ರಬಲರ ಪ್ರತಿಭಟನೆಯ ಭಯ, ಕಮ್ಯುನಿಸ್ಟ್ ವಿರೋಧ. ಇಲ್ಲಿ ಒಳಸಂಚಿನ ಕಲ್ಪನೆಗೆ ಎಡೆಯಿಲ್ಲ. ಪ್ರಾಮಾಣಿಕನಾದ ಸಂಪಾದಕನೂ ವ್ಯವಸ್ಥೆಯ ಒತ್ತಡದಲ್ಲಿಯೇ ಸುದ್ದಿಯನ್ನು ಆಯುತ್ತಾನೆ. ಹರ್ಮನ್ನರು ಕ್ಷೇತ್ರವನ್ನು ಬದಲಿಸಿದರೇ ಹೊರತು ವಿಧಾನವನ್ನಲ್ಲ.

ಆ ಗ್ರಂಥದ ಪ್ರಮಾಣಭಾಗವೂ ಗಮನಾರ್ಹವಾದುದು. 1984ರಲ್ಲಿ ಪೋಲೆಂಡಿನ ಪೊಲೀಸರಿಂದ ಹತನಾದ ಪಾದ್ರಿ ಪೊಪಿಯೆಲುಷ್ಕೊ ಅವರಿಗೆ ಅಮೆರಿಕದ ಪತ್ರಿಕೆಗಳು ನೀಡಿದ ಸ್ಥಳವನ್ನು, ಲ್ಯಾಟಿನ್ ಅಮೆರಿಕದಲ್ಲಿ ಹತರಾದ ನೂರು ಮಂದಿ ಧರ್ಮಸೇವಕರಿಗೆ ದೊರೆತ ಸ್ಥಳದೊಡನೆ ಅಳೆದು ನೋಡಲಾಗಿದೆ. ಒಬ್ಬರಿಗೆ ದೊರೆತದ್ದು ನೂರು ಮಂದಿಗೆ ದೊರೆಯಲಿಲ್ಲ. ಈ ತುಲನೆಯನ್ನು ಅಲ್ಲಗಳೆಯುವುದು ಸುಲಭವಲ್ಲ.

ಆದರೆ ಈ ವಿಧಾನಕ್ಕೊಂದು ಎಲ್ಲೆಯುಂಟು. ಪತ್ರಿಕೆಯ ಪಕ್ಷಪಾತವನ್ನು ಅದು ತೋರಿಸಬಲ್ಲದು, ನಡೆದುದೇನೆಂಬುದನ್ನು ನಿರ್ಣಯಿಸಲಾರದು. ಡೇವಿಡ್ ಪೀಟರ್ಸನ್ನರೊಡನೆ ಬರೆದ ‘ದಿ ಪಾಲಿಟಿಕ್ಸ್ ಆಫ್ ಜೆನೊಸೈಡ್’ (2010) ಈ ಎಲ್ಲೆಯನ್ನು ಮೀರಿತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸದಲ್ಲಿ ನಡೆದ ಬೋಸ್ನಿಯಾದ ಮುಸ್ಲಿಮರ ಹತ್ಯೆಯ ಬಗ್ಗೆ ಅಂಗೀಕೃತವಾದ ವಿವರಣೆಯನ್ನು ಹರ್ಮನ್ನರು ಸಂಶಯಿಸಿದರು. ಸಾಮೂಹಿಕ ಗೋರಿಗಳನ್ನು ಅಗೆದು, ಡಿಎನ್‌ಎ ಪರೀಕ್ಷೆಯಿಂದ ಸಾವಿರಾರು ಮೃತರನ್ನು ಗುರುತಿಸಲಾಗಿದೆ. ಯುಗೋಸ್ಲಾವಿಯದ ಅಪರಾಧಗಳಿಗಾಗಿ ರಚಿತವಾದ ಅಂತರರಾಷ್ಟ್ರೀಯ ನ್ಯಾಯಮಂಡಲಿಯು 2001ರಲ್ಲಿಯೂ, ಮೇಲ್ಮನವಿಯಲ್ಲಿ 2004ರಲ್ಲಿಯೂ ಇದನ್ನು ಜನಾಂಗಹತ್ಯೆಯೆಂದು ತೀರ್ಮಾನಿಸಿತು. ಅಮೆರಿಕದ ಸರ್ಕಾರಕ್ಕೆ ಒಂದು ಸುದ್ದಿ ಅನುಕೂಲವಾಯಿತೆಂಬ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಅಲಕ್ಷ್ಯಕ್ಕೊಳಗಾದ ಮೃತರ ಪರವಾಗಿ ವಾದಿಸಿದ ವಿದ್ವಾಂಸರೇ ಈ ಮೃತರ ವಿಷಯದಲ್ಲಿ ಪ್ರಮಾಣಗಳನ್ನು ಕಡೆಗಣಿಸಿದುದು ವಿಷಾದದ ಸಂಗತಿ.

ಈ ದೋಷದಿಂದ 1988ರ ಗ್ರಂಥದ ಬೆಲೆ ಕುಂದದು. ಆ ಗ್ರಂಥದ ಗುಣದಿಂದ ಈ ದೋಷವೂ ಮುಚ್ಚಿಹೋಗದು. ಸುದ್ದಿಯನ್ನು ಜರಡಿ ಹಿಡಿದವರು ಯಾರೆಂದು ಕೇಳುವುದನ್ನು ನಾವು ಹರ್ಮನ್ನರಿಂದ ಕಲಿಯಬೇಕು. ಬಳಿಕ ಮೂಲಪ್ರಮಾಣಗಳ ಬಳಿಗೆ ಹೋಗುವುದು ಇತಿಹಾಸಕಾರರಾದ ನಮ್ಮ ಹೊಣೆ.